ನಾಲ್ಕರಲ್ಲಿಟ್ಟರೂ ಬಾರದ ಬಿಸಿ

ಮತ್ತೆ ಮಸುಕು, ಗಾಜಿನ ಹೊರಗಡೆಯಲ್ಲ, ಒಳಗಡೆ, ಬಟ್ಟೆ ಹಿಡಿದು ಒರೆಸಿದರೆ ತಟ್ಟೆಯಗಲ ರಸ್ತೆ ಕಾಣುತ್ತದೆ, ಕೈ ತೆಗೆದದ್ದೇ ತಡ ನಾಲ್ಕೂ ಅಂಚಿನಿಂದ ಬೆಳ್ಳಗೆ ಹತ್ತಿಕೊಂಡು ಬರುತ್ತದೆ, ಉಸಿರು ಬಿಡಬೇಡ ಕಣೇ ಅಂತ ತನಗೆ ತಾನೇ ಹೇಳಿಕೊಳ್ಳುವ ಹಾಗಾಯಿತಲ್ಲ, ಗಾಡಿ ಓಡಿಸುವವಳು ಉಸಿರಾಡದೆ ಓಡಿಸಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿದೆ — ಹೀಟರಿನ ಗುಂಡಿ ಕೆಂಪು ತುದಿಯಲ್ಲಿದೆ, ಫ್ಯಾನು ನಾಲ್ಕರಲ್ಲಿದೆ, ನಾಲ್ಕರಾಚೆ ಐದು ಇಲ್ಲ, ಇದ್ದಿದ್ದರೆ ಐದಕ್ಕೂ ತಿರುಗಿಸುತ್ತಿದ್ದಳು, ಸದ್ದು ಮಾತ್ರ ಹಿಟ್ಟಿನ ಗಿರಣಿಯದು, ಬರುವ ಗಾಳಿ ನೋಡಿದರೆ ಮುದಿ ಬೆಕ್ಕೊಂದು ಕಾಲಿನ ಹತ್ತಿರ ಕೂತು ಉಸಿರುಬಿಟ್ಟಷ್ಟು, ತಣ್ಣಗೂ ಅಲ್ಲ ಬೆಚ್ಚಗೂ ಅಲ್ಲ, ಪೂರ್ತಿ ಸತ್ತಿದ್ದರೆ ಸತ್ತಿದೆ ಅಂದುಕೊಂಡು ಸುಮ್ಮನಾಗಬಹುದಿತ್ತು, ಇದು ಸಾಯುವುದೂ ಇಲ್ಲ ಬದುಕುವುದೂ ಇಲ್ಲ. ಛೆ, ಎಂಥ ಮಾತು, ಈಗ ತಾನೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಾವನನ್ನು ಆ ಡಯಾಲಿಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಮಲಗಿಸಿ ಬಂದು ಇಂಥ ಮಾತು ಯೋಚಿಸಬಾರದು, ಆದರೆ ಮಾತು ತಾನಾಗಿ ಬರುತ್ತದೆ, ಗಾಜಿನ ಮಸುಕಿನ ಹಾಗೆ, ಒರೆಸಿದಷ್ಟೂ. ನಾಲ್ಕು ಗಂಟೆ ಹೊತ್ತು ಅವರ ರಕ್ತ ಹೊರಗೆ ಬಂದು ತೊಳೆಸಿಕೊಂಡು ಒಳಗೆ ಹೋಗುತ್ತದೆ, ಅಷ್ಟರಲ್ಲಿ ಈ ಗಾಡಿಯನ್ನು ಬೆಚ್ಚಗೆ ಮಾಡಬೇಕು, ಹನ್ನೆರಡೂವರೆಯೊಳಗೆ, ಏಕೆಂದರೆ ಲಿಫ್ಟಿನ ಬಾಗಿಲಲ್ಲಿ ಮಾವ ಹೇಳಿದ್ದು ಸ್ಪಷ್ಟವಾಗಿತ್ತು, ಇವತ್ತೇ ಕೊನೆ ಕಣಮ್ಮ, ನಾಳಿದ್ದಿನಿಂದ ನಾನು ಬರಲ್ಲ, ಆ ಚಳಿ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಬರದೆ ಏನು ಮಾಡ್ತೀರಿ ಮಾವ? ಮನೇಲಿ ಬೆಚ್ಚಗೆ ಮಲಗ್ತೀನಿ. ಅದೇನು ಮದುವೆ ಕರೆಯೋಲೆಗೆ ಬರಲ್ಲ ಅಂದ ಹಾಗೆ. ಡಾಕ್ಟರು ಮೊದಲ ದಿನವೇ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಾರೆ, ನಿಲ್ಲಿಸಿದರೆ ಹತ್ತು ದಿನ, ಹೆಚ್ಚೆಂದರೆ ಹದಿನೈದು, ಮಾವ ಬಸ್ಸಿನ ವೇಳಾಪಟ್ಟಿ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದ್ದರು.

ಹತ್ತು ದಿನ ಅಂದರೆ ಯಾವ ವಾರ, ಮಗಳ ಪರೀಕ್ಷೆಯ ಮೊದಲೋ ಆಮೇಲೋ — ಅಯ್ಯೋ, ಲೆಕ್ಕ ಹಾಕುತ್ತಿದ್ದಾಳಲ್ಲ, ಹಾಕಬೇಡ, ಗೇರು ಬದಲಿಸು, ಎದುರಿಗೆ ಕಸದ ಲಾರಿ ಇದೆ. ಒಂದು ಹೀಟರಿಗೋಸ್ಕರ ಒಬ್ಬ ಮನುಷ್ಯ ಸಾಯುತ್ತಾನೆಯೇ, ಒಂದು ಹೀಟರಿಗೋಸ್ಕರ! ಗಾಡಿಗೆ ಹದಿನೇಳು ವರ್ಷ, ಮಗಳಿಗಿಂತ ಎಂಟು ವರ್ಷ ದೊಡ್ಡದು, ಬಾಗಿಲು ಹಾಕಬೇಕಾದರೆ ಸ್ವಲ್ಪ ಎತ್ತಿ ಹಾಕಬೇಕು, ಹಿಂದಿನ ಕಿಟಕಿ ಇಳಿದರೆ ಏರುವುದಿಲ್ಲ, ಅದನ್ನೆಲ್ಲ ಅವಳು ಸಹಿಸಿಕೊಂಡಿದ್ದಾಳೆ, ಹೀಟರೊಂದು ಎಂದೂ ಕೈಕೊಟ್ಟಿರಲಿಲ್ಲ, ಹೋದ ಚಳಿಗಾಲ ಒಳಗೆ ಕೂತರೆ ಸ್ವೆಟರ್ ಬಿಚ್ಚಬೇಕಾಗುತ್ತಿತ್ತು, ಈ ಚಳಿಗಾಲದ ಮೊದಲ ಮೂರು ವಾರವೂ ಚೆನ್ನಾಗಿತ್ತು, ಆಮೇಲೆ ಒಂದು ಬೆಳಗ್ಗೆ, ಯಾರೋ ಕದ್ದುಕೊಂಡು ಹೋದ ಹಾಗೆ, ಇಲ್ಲ. ಬಂದರಿನಲ್ಲಿ ಕ್ರೇನ್ ಓಡಿಸುವ ಗಂಡನಿಗೆ ಫೋನು ಮಾಡಿದರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ಮಹಾನುಭಾವ, ಇಂಜಿನ್ ಬಿಸಿಯಾಗೋ ತನಕ ಕಾಯಬೇಕು ಕಣೇ, ನಿಂಗೆ ತಾಳ್ಮೆ ಇಲ್ಲ. ತಾಳ್ಮೆ ಇಲ್ಲ! ಬೆಳಗ್ಗೆ ಐದಕ್ಕೆ ಎದ್ದು ಮಗಳ ಜಡೆ, ಮಾವನ ಉಪ್ಪಿಲ್ಲದ ಅಡುಗೆ, ಅಳೆದ ನೀರು, ಇಷ್ಟೇ ನೀರು ಮಾವ, ಇನ್ನು ಕೊಡಲ್ಲ, ಅದಾದ ಮೇಲೆ ನಲವತ್ತು ಕಿಲೋಮೀಟರ್ ಹೋಗಿ ನಲವತ್ತು ಕಿಲೋಮೀಟರ್ ಬರುವವಳಿಗೆ ತಾಳ್ಮೆ ಇಲ್ಲವಂತೆ, ನಲವತ್ತು ಕಿಲೋಮೀಟರ್ ಓಡಿದ ಮೇಲೂ ಬಿಸಿಯಾಗದ ಇಂಜಿನ್ ಯಾವ ಲೋಕದಲ್ಲಿದೆ ರೀ? ಹಾಗಾದರೆ ಗಾಡಿ ಮಾರಿಬಿಡೋಣ ಅಂದ, ಅವನಿಗೆ ಎಲ್ಲದಕ್ಕೂ ಅದೇ ಮದ್ದು, ಮಾರಿಬಿಡೋಣ, ಒಂದು ದಿನ ಅವಳನ್ನೂ ಮಾರುತ್ತಾನೆ. ಆಮೇಲೆ ಮನೆ ಹತ್ತಿರದ ಮೆಕ್ಯಾನಿಕ್, ಅವನ ಹೆಸರೇ ಎಲ್ಲರ ಬಾಯಲ್ಲಿ ನೋಡೋಣ, ಏನು ಹೇಳಿದರೂ ನೋಡೋಣ ಅಕ್ಕ ಅನ್ನುತ್ತಾನೆ, ಬ್ರೇಕು ಹಿಡೀತಿಲ್ಲ ಅಂದರೂ ನೋಡೋಣ ಅಕ್ಕ, ಗಾಡಿಗೆ ಬೆಂಕಿ ಬಿದ್ದಿದೆ ಅಂದರೂ ನೋಡೋಣವೇ. ನೋಡೋಣ ಮೊದಲು ಥರ್ಮೋಸ್ಟಾಟ್ ಬದಲಿಸಿದ, ಅದು ತೆರೆದೇ ಕೂತಿದ್ದರೆ ಇಂಜಿನ್ ಬಿಸಿಯೇರಲ್ಲ ಅಕ್ಕ, ಸರಿ, ಬದಲಿಸಪ್ಪ, ಬದಲಿಸಿದ ಮೇಲೆ ಮೀಟರಿನ ಮುಳ್ಳು ಮೊದಲು ಎಲ್ಲಿತ್ತೋ ಅಲ್ಲೇ ಬಂದು ನಿಂತಿತು, ಅಂದರೆ ಹಳೆಯದೂ ಸರಿಯಾಗೇ ಇತ್ತು. ಆಮೇಲೆ ಕೂಲೆಂಟಿನಲ್ಲಿ ಗಾಳಿ ಸೇರಿದೆ ಅಂತ ಗಾಡಿಯ ಮೂತಿಯನ್ನು ಏರಿನ ಮೇಲೆ ನಿಲ್ಲಿಸಿ ಮುಚ್ಚಳ ತೆಗೆದು ಗುಳುಗುಳು ಅನ್ನಿಸಿದ, ಗಾಳಿ ಹೋಯಿತು, ಬಿಸಿ ಬರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದೆ ಅಂತ ಎರಡು ಪೈಪು ಕಿತ್ತು ಹಿಂದುಮುಂದಾಗಿ ನೀರು ಬಿಟ್ಟು ತೊಳೆದ, ಕಂದು ನೀರು ಬರುತ್ತೆ ನೋಡಿ ಅಕ್ಕ ಅಂದ, ಬಂದದ್ದು ಕುಡಿಯಬಹುದಾದಂಥ ನೀರು. ಅವಳೇ ಒಂದು ಭಾನುವಾರ ಕೈಚೀಲ ಇಡುವ ಗೂಡಿನ ಹಿಂದೆ ಕೈತೂರಿಸಿ ಗಾಳಿಯ ಫಿಲ್ಟರ್ ಎಳೆದಳು, ಅದರಲ್ಲಿ ಒಣ ಎಲೆ, ಯಾವುದೋ ಇಲಿಯ ಸಂಸಾರ, ಮಗಳ ಕಳೆದುಹೋದ ಕ್ರಯಾನಿನ ಕೆಂಪು ತುಂಡು, ತೊಳೆದು ಒಣಗಿಸಿ ಹಾಕಿದಾಗ ಫ್ಯಾನಿಗೆ ಹೊಸ ಪ್ರಾಯ ಬಂತು, ಈಗ ತಣ್ಣನೆ ಗಾಳಿ ಇನ್ನೂ ಜೋರಾಗಿ ಬರುತ್ತದೆ, ಎಂಥ ಸಾಧನೆ. ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದ್ದಾಯಿತು, ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು, ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಗಾಡಿಯ ಮೂತಿಯಲ್ಲಿ ಬಿಸ್ಕತ್ತಿನ ಹೆಸರು ಓದಿಕೊಂಡು ನಗುತ್ತಾರೆ.

ಓದಿಕೊಳ್ಳಲಿ, ನಗಲಿ, ಅವರಾರೂ ವಾಪಸು ಬರುವಾಗಿನ ಮಾವನನ್ನು ನೋಡಿಲ್ಲ. ಹೋಗುವಾಗ ಪರವಾಗಿಲ್ಲ, ಬರುವಾಗಲೇ, ಆ ಯಂತ್ರ ಮೈಯ ನೀರಿನ ಜೊತೆಗೆ ಶಾಖವನ್ನೂ ಹಿಂಡಿ ತೆಗೆಯುತ್ತದೆ, ನರ್ಸಮ್ಮ ಮೊದಲೇ ಹೇಳಿದ್ದಳು, ಇದಾದ ಮೇಲೆ ಇವರಿಗೆ ಚಳಿ ಜಾಸ್ತಿ ಆಗುತ್ತೆ, ಬೆಚ್ಚಗೆ ಕರ್ಕೊಂಡು ಹೋಗಿ ಅಂತ, ಬೆಚ್ಚಗೆ! ಎರಡು ಕಂಬಳಿ, ಕಿವಿಯ ಟೋಪಿ, ಮಡಿಲಲ್ಲಿ ಬಿಸಿನೀರಿನ ಬಾಟಲಿ, ಅದರ ಒಳಗಿಂದ ಹಲ್ಲು ಕಟಕಟ, ಕಟಕಟ, ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ, ಇಷ್ಟಗಲ ಭುಜ, ಸ್ಟೀರಿಂಗ್ ಹಿಡಿದು ಹಿಡಿದು ಕೈಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ, ಏನೋ ಹಿಡಿದುಕೊಂಡ ಹಾಗೇ ಬಾಗಿರುತ್ತವೆ, ಆ ಮನುಷ್ಯ ಕಂಬಳಿಯೊಳಗೆ ನೆನೆದ ಕೋಳಿಯ ಹಾಗೆ. ಆದರೂ ಬಾಯಿ ಸುಮ್ಮನಿರುವುದಿಲ್ಲ, ಕ್ಲಚ್ ಮೇಲೆ ಕಾಲಿಡಬೇಡ, ಅದೇನು ಕಾಲುಮಣೆಯಾ? ಸೈಕಲ್ಲಿನೋನು ತಿರುಗ್ತಾನೆ ನೋಡು, ತಿರುಗ್ತಾನೆ, ತಿರುಗಿದ, ಹೇಳ್ಲಿಲ್ವಾ? ತನ್ನ ಕಡೆ ಬ್ರೇಕು ಇಲ್ಲದಿದ್ದರೂ ಕಾಲು ಒತ್ತುತ್ತಾರೆ, ನೆಲದ ರಬ್ಬರು ಅಲ್ಲಿ ಸವೆದುಹೋಗಿದೆ. ಮತ್ತೆ ಆ ಇನ್ನೊಂದು ಚಟ, ಕೂತ ತಕ್ಷಣ ಕೈಚಾಚಿ ತಮ್ಮ ಎದುರಿನ ಗಾಳಿಕಿಂಡಿಯನ್ನು ಇವಳ ಕಡೆಗೆ ತಿರುಗಿಸುವುದು, ಮಾವ, ಬರೋದೇ ಒಂದು ಚಿಟಿಕೆ, ಅದನ್ನೂ ನನ್ನ ಕಡೆ ಯಾಕೆ ತಿರುಗಿಸ್ತೀರಿ? ನಂಗೆ ಕಣ್ಣು ಉರಿಯುತ್ತೆ ಕಣಮ್ಮ, ನೀನು ಗಾಡಿ ಓಡಿಸೋಳು, ಕೈ ಮರಗಟ್ಟಬಾರದು. ಇವಳು ಇತ್ತ ತಿರುಗಿಸುವುದು, ಅವರು ಅತ್ತ ತಿರುಗಿಸುವುದು, ನಲವತ್ತು ಕಿಲೋಮೀಟರ್ ಇದೇ ಕುಸ್ತಿ, ಆಮೇಲೆ ಚಳಿ ತಡೆಯೋಕಾಗಲ್ಲ ಅಂತ ಅವರೇ ರಾಗ ಎಳೆಯುವುದು, ಏನು ಹೇಳಬೇಕು ಇಂಥವರಿಗೆ, ತಲೆ ಚಚ್ಚಿಕೊಳ್ಳಬೇಕು. ಅಂಗಡಿಯಲ್ಲಾದರೆ ಈ ಹೊತ್ತಿಗೆ — ಬೇಡ, ಅಂಗಡಿ ಬೇಡ — ಅಂಗಡಿಯಲ್ಲಾದರೆ ಈ ಹೊತ್ತಿಗೆ ಮೊದಲ ಜೋಡಿ ಗಾಜು ಕಲ್ಲಿಗೆ ಹಿಡಿದು ಅಂಚು ಮಸೆಯುತ್ತಿರುತ್ತಿದ್ದಳು, ನೀರು ಸಣ್ಣಗೆ ಚಿಮ್ಮುತ್ತಾ, ಕನ್ನಡಕದ ಚೌಕಟ್ಟಿಗೆ ಗಾಜು ಟಕ್ ಅಂತ ಕೂರುವ ಆ ಸದ್ದು, ಯಾರೋ ಅಜ್ಜಿ ಹಾಕಿಕೊಂಡು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ಇಷ್ಟು ಸುಕ್ಕು ಯಾವಾಗ ಬಂತೇ ಅಂತ ಕೇಳಿದ್ದು, ಹನ್ನೊಂದು ವರ್ಷ ಆ ಕೆಲಸ. ವಾರಕ್ಕೆ ಎರಡು ದಿನ ಸಾಲದು, ಮೂರು ದಿನ ಬರಬೇಕು ಅಂತ ಆಸ್ಪತ್ರೆಯವರು ಹೇಳಿದ ವಾರ ಬಿಟ್ಟಳು. ಅಂಗಡಿಯ ಯಜಮಾನಿ ಒಳ್ಳೆಯವಳು, ಚಳಿಗಾಲ ಮುಗಿಯೋ ತನಕ ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಲ್ಲ, ಆಮೇಲೆ ನಂಗೂ ಕಷ್ಟ ಅಂದಳು. ಅದನ್ನು ಆ ರಾತ್ರಿ ಊಟದ ಹೊತ್ತಿನಲ್ಲಿ ಇವಳು ನಗುನಗುತ್ತಾ ಹೇಳಿದಳು, ಅಳು ಬಂದರೆ ಮಾವ ನೋಡುತ್ತಾರೆ ಅಂತ ನಗುತ್ತಲೇ ಹೇಳಿದಳು, ಪರವಾಗಿಲ್ಲ ಮಾವ, ಗಾಜಿನ ಪುಡಿ ಕುಡಿದು ಕುಡಿದು ನಂಗೂ ಸಾಕಾಗಿತ್ತು. ಮಾವ ಅನ್ನ ಕಲಸುತ್ತಲೇ ಇದ್ದರು, ಕಲಸುತ್ತಲೇ ಇದ್ದರು.

ಇದೇ ಇರಬೇಕು, ನೀಲಿ ಬಾಗಿಲು, ಟೈರಿನ ಗುಡ್ಡ, ನರ್ಸಮ್ಮ ಗ್ಯಾರೇಜಿನ ಗುರುತು ಹೇಳಿದ್ದು ಸರಿಯಾಗಿದೆ, ಆಸ್ಪತ್ರೆಯ ಹಿಂದಿನ ರಸ್ತೆ, ಎಲ್ಲರೂ ಸ್ಪ್ಯಾನರ್ ಅಕ್ಕ ಅಂತಾರೆ, ನಮ್ಮ ಆಂಬ್ಯುಲೆನ್ಸೂ ಅವಳ ಹತ್ತಿರವೇ ಹೋಗೋದು. ಒಳಗಿಂದ ಬಂದವಳು ಐವತ್ತರ ಆಸುಪಾಸಿನ ಹೆಂಗಸು, ಜಡೆಯನ್ನು ಸುತ್ತಿ ಟೋಪಿಯೊಳಗೆ ತುರುಕಿದ್ದಾಳೆ, ಕೈ ಒರೆಸಿಕೊಳ್ಳುತ್ತಾ ಗಾಡಿಯ ಮೂತಿಯ ಬಿಸ್ಕತ್ತಿನ ರಟ್ಟು ಓದಿದಳು, ಏನಮ್ಮ, ಗಾಡೀನೋ ಬೇಕರೀನೋ? ಇವಳು ನಗಲಿಲ್ಲ, ಎಲ್ಲ ಒಂದೇ ಉಸಿರಿಗೆ ಹೇಳಿದಳು, ನೋಡೋಣ, ಥರ್ಮೋಸ್ಟಾಟ್, ಗಾಳಿ, ತೊಳೆದದ್ದು, ಫಿಲ್ಟರ್, ರಟ್ಟು, ಮಾವ, ಹನ್ನೆರಡೂವರೆ, ಹೇಳುತ್ತಾ ಹೇಳುತ್ತಾ ದನಿ ಎಲ್ಲಿ ಒಡೆಯುತ್ತದೋ ಅಂತ ಹೆದರಿ ಕೊನೆಗೆ ಗದರಿದ ಹಾಗೆ ಮುಗಿಸಿದಳು, ಇವತ್ತು ಬಿಸಿ ಬರಲೇಬೇಕು. ಸ್ಪ್ಯಾನರ್ ಅಕ್ಕ ಇಂಜಿನ್ ಆರಿಸಬೇಡ ಅಂದಳು, ಬಾನೆಟ್ ಎತ್ತಿದಳು, ಯಾವ ಹತಾರವನ್ನೂ ಮುಟ್ಟಲಿಲ್ಲ, ಬರಿಗೈಯನ್ನೇ ಒಳಗಿಟ್ಟಳು, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ ಅಂಗೈ ಮಗುಚಿ. ಬಾ ಇಲ್ಲಿ, ನೀನೂ ಇಡು ಕೈ, ಹೆದರಬೇಡ, ಇಂಜಿನ್ನಿನಿಂದ ಹೀಟರಿಗೆ ಬಿಸಿನೀರು ಹೋಗೋ ಪೈಪು ಇದು, ಇಲ್ಲಿ ಮುಟ್ಟು, ಅಬ್ಬಾ ಸುಡುತ್ತೆ, ಈಗ ಇಲ್ಲಿ, ಅದೇ ಪೈಪು, ಒಂದು ಮೊಳ ಆಚೆ. ತಣ್ಣಗೆ. ಒಂದೇ ಪೈಪು, ಈ ತುದಿ ಕುದಿಯುತ್ತಿದೆ, ಆ ತುದಿ ಬಾವಿಯ ಹಗ್ಗದಷ್ಟು ತಣ್ಣಗೆ. ಹಾಗಾದರೆ ಈ ಒಂದು ಮೊಳದೊಳಗೆ ಏನೋ ಕೂತಿದೆ ಅಂತ ಆಯ್ತಲ್ಲ, ನಿಮ್ಮ ನೋಡೋಣ ಎಲ್ಲ ನೋಡಿದಾನೆ, ಮುಟ್ಟಿಲ್ಲ. ಗಾಳಿಯ ಫಿಲ್ಟರಿನ ದೊಡ್ಡ ಪೆಟ್ಟಿಗೆ ಬಿಚ್ಚಿ ಎತ್ತಿದಳು, ಅದರಡಿಯಲ್ಲಿ, ಬ್ಯಾಟರಿಯ ಬೆನ್ನಿಗೆ, ಎರಡು ಕಡೆ ಕ್ಲಿಪ್ಪು ಹಾಕಿ ಪೈಪಿನ ನಡುವೆ ಸೇರಿಸಿದ ಒಂದು ಹಿತ್ತಾಳೆ ನಲ್ಲಿ, ಹೆಬ್ಬೆರಳುದ್ದ, ಹಿಡಿ ಪೈಪಿಗೆ ಅಡ್ಡಲಾಗಿ ನಿಂತಿದೆ. ಇದೇನಮ್ಮ ಇದು, ಇದು ಕಂಪನಿಯೋರು ಕೊಟ್ಟದ್ದಲ್ಲ, ಇದು ಬಸ್ಸಿನದು, ಹಳೇ ಕಾಲದ ಬಸ್ಸಿನದು, ಬೇಸಿಗೆ ಬಂದರೆ ಡ್ರೈವರುಗಳು ಮುಚ್ಚೋರು, ಚಳಿ ಬಂದರೆ ತೆಗೆಯೋರು, ನಿನ್ನ ಗಾಡಿಗೆ ಇದನ್ನ ಯಾರು ಹಾಕಿದ್ದು?

ಯಾರು ಹಾಕಿದ್ದು ಅಂದರೆ, ಇನ್ನಾರು, ಮೂರು ಬೇಸಿಗೆಯ ಹಿಂದೆ, ಗುಂಡಿಯನ್ನು ನೀಲಿ ತುದಿಗೆ ತಿರುಗಿಸಿದರೂ ಕಾಲಿನ ಮೇಲೆ ಬಿಸಿಗಾಳಿ ಸೋರುತ್ತಿತ್ತು, ಪಾದ ಕೆಂಪಾಗುತ್ತಿತ್ತು, ನನ್ನ ಸೊಸೆ ಕಾಲು ಬೇಯಿಸ್ಕೊಂಡು ಗಾಡಿ ಓಡಿಸ್ಬೇಕಾ ಅಂತ ಮಾವ ಹಳೆಯ ಟ್ರಂಕು ತೆಗೆದು ಒಂದು ಬೆಳಗ್ಗೆ ಪೂರ್ತಿ ಬಾನೆಟ್ಟಿನೊಳಗೆ ತಲೆಯಿಟ್ಟು ಕೂತಿದ್ದರು, ಏನು ಮಾಡಿದಿರಿ ಮಾವ ಅಂದರೆ ನಿಂಗೆ ಯಾಕೆ ಅದೆಲ್ಲ, ತಣ್ಣಗಾಯ್ತಾ ಇಲ್ವಾ ಹೇಳು. ತಣ್ಣಗಾಗಿತ್ತು. ಅವಳು ಮರೆತೂಬಿಟ್ಟಿದ್ದಳು. ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ, ಗಾಡಿ ಒಳ್ಳೆಯದು ಅಂದುಕೊಂಡಿದ್ದಳು, ಗಾಡಿಗೆ ಬುದ್ಧಿ ಇದೆ ಅಂದುಕೊಂಡಿದ್ದಳು, ಒಂದು ಜೊತೆ ಕೈ ಇದೆ ಅಂದುಕೊಂಡಿರಲಿಲ್ಲ. ಅಯ್ಯೋ ನನ್ನ ಮಾವನೇ, ತಾವೇ ಮುಚ್ಚಿದ ನಲ್ಲಿ ತೆರೆಯಲು ಮರೆತು ತಾವೇ ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಾ ನಲವತ್ತು ಕಿಲೋಮೀಟರ್, ಎರಡು ತಿಂಗಳು, ಅವಳಿಗೆ ನಗು ಬಂತು, ನಿಲ್ಲಿಸಲಾಗದಷ್ಟು, ಸ್ಪ್ಯಾನರ್ ಅಕ್ಕನೂ ನಕ್ಕಳು, ವಯಸ್ಸಾದೋರು ಕಣಮ್ಮ, ನಗುತ್ತಲೇ ಸಿಟ್ಟೂ ಬಂತು, ಥರ್ಮೋಸ್ಟಾಟ್, ರಟ್ಟು, ಇಲಿಯ ಸಂಸಾರ, ಬರಲಿ ಮನೆಗೆ, ಒಂದು ವಾರ ಇದೇ ಮಾತು ಹೇಳಿ ಹೇಳಿ ಕಾಡಿಸಬೇಕು. ಮರೆತಿಲ್ಲ, ಅಂದಳು ಸ್ಪ್ಯಾನರ್ ಅಕ್ಕ. ನಗು ನಿಲ್ಲಿಸಿ ಟಾರ್ಚು ಹಿಡಿದಿದ್ದಳು. ನೋಡಿಲ್ಲಿ, ನಲ್ಲಿಯೆಲ್ಲ ಕಪ್ಪು ಹಿಡಿದಿದೆ, ಹಿಡಿ ಬಿಗಿದುಕೊಂಡಿದೆ, ಬೆರಳಲ್ಲಿ ತಿರುಗೋದಲ್ಲ, ಇಕ್ಕಳ ಹಾಕಿದಾರೆ, ಗೀರು ಹೊಸದು, ಹಿತ್ತಾಳೆ ಇನ್ನೂ ಹೊಳೀತಿದೆ, ವರ್ಷದ್ದಾದರೆ ಹೀಗಿರಲ್ಲ, ಹೆಚ್ಚು ಅಂದರೆ ಎರಡು ತಿಂಗಳು. ಮೂರು ಗೀರು, ಕಪ್ಪಿನ ಮೇಲೆ ಹಳದಿ, ಎರಡು ತೆಳುವಾಗಿ ಜಾರಿಹೋದವು, ಮೂರನೆಯದು ಆಳ. ಮತ್ತೆ ಇನ್ನೊಂದು ವಿಚಿತ್ರ ನೋಡು, ಪೂರ್ತಿ ಮುಚ್ಚಿಲ್ಲ, ಕೂದಲೆಳೆಯಷ್ಟು ಬಿಟ್ಟಿದಾರೆ, ಕೆಲಸ ಗೊತ್ತಿರೋನು ಹಾಗೆ ಬಿಡಲ್ಲ, ಬೇಕು ಅಂತಲೇ ಬಿಟ್ಟಿದಾರೆ.

ಎರಡು ತಿಂಗಳು. ಈ ಚಳಿಗಾಲದ ಮೊದಲ ಮೂರು ವಾರ ಬಿಸಿ ಚೆನ್ನಾಗಿತ್ತು, ಅಂದರೆ ಎಂದಿನ ಹಾಗೆ ತೆರೆದಿದ್ದರು, ಚಳಿ ಶುರುವಾಗುವ ಮೊದಲೇ, ಯಾರಿಗೂ ಹೇಳದೆ, ಆಮೇಲೆ ಊಟದ ಹೊತ್ತಿನಲ್ಲಿ ಇವಳು ಅಂಗಡಿಯ ಮಾತು ಹೇಳಿದಳು, ಸ್ಟೂಲಿನ ಮಾತು ಹೇಳಿದಳು, ನಕ್ಕಳು, ಆ ನಗುವನ್ನು ಅವರು ನಂಬಲಿಲ್ಲ, ಅನ್ನ ಕಲಸುತ್ತಲೇ ಇದ್ದರು, ಅದೇ ವಾರ, ಹೌದು ಅದೇ ವಾರ, ಅವರ ಬಲಗೈ ಗೆಣ್ಣು ತರಚಿಕೊಂಡು ರಕ್ತ ನಿಲ್ಲದೆ ಇವಳು ಬಟ್ಟೆ ಒತ್ತಿ ಹಿಡಿದು ಕೂತಿದ್ದಳು, ಆಸ್ಪತ್ರೆಯ ಮದ್ದಿನಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಏನು ಮಾಡ್ಕೊಂಡ್ರಿ ಮಾವ? ಬಾಗಿಲು ಬಡೀತು. ಯಾವ ಬಾಗಿಲು? ಬಾಗಿಲು ಅಂದ್ನಲ್ಲಮ್ಮ, ಬಾಗಿಲಿಗೇನು ಹೆಸರಿರುತ್ತಾ? ಅವಳು ಬೈದಳು, ಮಗಳಿಗೆ ಬೈದ ಹಾಗೇ ಬೈದಳು, ಒಂದು ನಿಮಿಷ ಸುಮ್ಮನೆ ಕೂರೋಕಾಗಲ್ವಾ ನಿಮಗೆ? ಎಡಗೈಯಲ್ಲಿ ಸೂಜಿ ಚುಚ್ಚುವ ನರ, ಆ ಕೈಯಲ್ಲಿ ಒಂದು ಚೊಂಬೂ ಎತ್ತಬಾರದು, ಅಂದರೆ ಬಲಗೈ ಒಂದರಲ್ಲೇ ಇಕ್ಕಳ, ಬ್ಯಾಟರಿಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಕೈ ಇಳಿಸಿ, ಕಾಣದೆ, ತಡಕಿ, ಅವಳು ಮಗಳನ್ನು ಶಾಲೆಯಿಂದ ಕರೆತರಲು ನಡೆದುಹೋದ ಅರ್ಧ ಗಂಟೆಯಲ್ಲಿ, ಒಂದು ಸಲ ಜಾರಿ, ಎರಡನೇ ಸಲ ಜಾರಿ. ಚಳಿ ತಡೆಯೋಕಾಗಲ್ಲ ಅನ್ನುವುದು ನೆಪ, ನೆಪಕ್ಕೆ ಚಳಿ ಬೇಕಲ್ಲ, ನೆಪವನ್ನು ಕೈಯಾರೆ ಮಾಡಿಕೊಂಡರು, ನಿಜವಾದ ಚಳಿಯನ್ನೇ ಮಾಡಿಕೊಂಡರು, ಹಲ್ಲು ಕಟಕಟ ಸುಳ್ಳಲ್ಲ, ಎರಡು ತಿಂಗಳು ಅದರಲ್ಲಿ ಕೂತು ನಡುಗಿದರು, ಬರಲ್ಲ ಅಂದ ದಿನ ಯಾರೂ ಯಾಕೆ ಅಂತ ಕೇಳದಿರಲಿ ಅಂತ, ಸೊಸೆಯ ಮೇಲೆ ತಪ್ಪು ಬಾರದಿರಲಿ ಅಂತ, ಗಾಡಿಯ ಮೇಲೆ ಹೋಗಲಿ ಅಂತ. ಆ ಕೂದಲೆಳೆ, ಅದು ಇವಳ ಕೈ ಮರಗಟ್ಟದಿರಲಿ ಅಂತ. ಎಂಥ ಮನುಷ್ಯ, ಎಂಥ ದರಿದ್ರ ಹಟದ ಮನುಷ್ಯ, ಕೇಳಬಾರದಿತ್ತೇ ಒಂದು ಮಾತು, ನಿಂಗೆ ಕೆಲಸ ಬೇಕಾ ನಾನು ಬೇಕಾ ಅಂತ ಕೇಳಿದ್ದರೆ ಎರಡೂ ಬೇಕು ಮಾವ ಅಂತ ಕಿರುಚಿರುತ್ತಿದ್ದಳು, ಕೇಳಲಿಲ್ಲ, ಇಕ್ಕಳ ಹುಡುಕಿದರು. ಅಳಬೇಡಮ್ಮ, ಅಂದಳು ಸ್ಪ್ಯಾನರ್ ಅಕ್ಕ, ಅಳ್ತಾ ಇಲ್ಲ, ಕಣ್ಣಿಗೆ ಆವಿ ಹೊಡೀತು, ಹೂಂ, ಆವಿಯೇ ಇರಬೇಕು. ತೆರೆದು ಇಡಲಾ? ಬೇಡ, ಕಿತ್ತುಬಿಡಿ, ನಡುವೆ ಏನೂ ಇಲ್ಲದೆ ನೇರ ಪೈಪು ಹಾಕಿ. ಬೇಸಿಗೇಲಿ ಕಾಲು ಸುಡುತ್ತೆ ನೋಡು. ಸುಡಲಿ.

ಹನ್ನೆರಡೂ ಇಪ್ಪತ್ತು, ಆಸ್ಪತ್ರೆಯ ಬಾಗಿಲು, ಇಂಜಿನ್ ಓಡುತ್ತಿದೆ, ಗುಂಡಿ ಕೆಂಪಿನಲ್ಲಿದೆ, ಫ್ಯಾನು ಎರಡರಲ್ಲಿದೆ, ಎರಡರಲ್ಲೇ ಕೆನ್ನೆ ಬಿಸಿಯಾಗುತ್ತಿದೆ, ಸ್ವೆಟರ್ ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು, ಕುರ್ತಾದ ಜೇಬಿನಲ್ಲಿ ಆ ನಲ್ಲಿ, ಹೆಬ್ಬೆರಳು ತಾನಾಗಿ ಹೋಗಿ ಅದರ ಮೇಲೆ ಹರಿದಾಡುತ್ತದೆ, ಒಂದು, ಎರಡು, ಮೂರು, ಮೂರನೆಯದರಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಹೇಳಬೇಕು, ಎಲ್ಲ ಹೇಳಬೇಕು, ನೀವು ಏನಂದ್ಕೊಂಡಿದೀರಿ ನನ್ನ, ನಿಮ್ಮ ಹೆಣ ದಾಟಿ ಹೋಗಿ ಆ ಸ್ಟೂಲಿನ ಮೇಲೆ ಕೂತು ಯಾರದೋ ಕನ್ನಡಕ ಮಸೀತಾ ಇರ್ತೀನಿ ಅಂದ್ಕೊಂಡ್ರಾ, ಛೆ, ಹಾಗೆಲ್ಲ ಹೇಳಲಾಗುವುದಿಲ್ಲ, ಮೆಲ್ಲಗೆ ಹೇಳಬೇಕು, ಯಜಮಾನಿಯ ಹತ್ತಿರ ಮಾತಾಡ್ತೀನಿ ಮಾವ, ಆಸ್ಪತ್ರೆಯಿಲ್ಲದ ದಿನ ಬಂದು ಹೋಗ್ತೀನಿ ಅಂತ ಕೇಳ್ತೀನಿ, ಮೊದಲೇ ಕೇಳಬಹುದಿತ್ತು, ನಾನೂ ಕೇಳಲಿಲ್ಲ, ನಾನೂ ನಕ್ಕು ಸುಮ್ಮನಾದೆ, ಈ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ — ಬಂದರು, ನರ್ಸಮ್ಮನ ಕೈ ಹಿಡಿದು, ಟೋಪಿ ಕಿವಿಯ ಮೇಲೆ, ಮೈ ಒಂದು ಸುತ್ತು ಕಿರಿದಾದ ಹಾಗೆ, ಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದರು, ಕೂತರು, ಕಂಬಳಿ ಎಳೆದುಕೊಳ್ಳಲು ಹೋದ ಕೈ ನಿಂತಿತು. ಗಾಳಿಕಿಂಡಿಯ ಕಡೆ ಚಾಚಿದರು, ತಿರುಗಿಸಲಿಲ್ಲ. ಅಂಗೈ ಅಲ್ಲೇ, ಗಾಳಿಗೆ ಒಡ್ಡಿಕೊಂಡು, ಗೆಣ್ಣಿನ ಮೇಲೆ ಹಳೆಯ ಗಾಯದ ತಿಳಿಗೆಂಪು ಗುರುತು. ಯಾರು ನೋಡಿದ್ದು? ಹಿಂದಿನ ರಸ್ತೆಯ ಸ್ಪ್ಯಾನರ್ ಅಕ್ಕ. ಹೂಂ, ಕೆಲಸ ಗೊತ್ತಿರೋಳು. ಫ್ಯಾನಿನ ಸದ್ದು, ಹಿಂದೆ ನಿಂತ ಗಾಡಿಯವನು ಹಾರನ್ನು ಹೊಡೆಯುತ್ತಾನೆ, ಹೊಡೆದುಕೋ, ಅವಳು ಅಷ್ಟೊಂದು ಮಾತು ಜೋಡಿಸಿಟ್ಟುಕೊಂಡಿದ್ದಳು, ಕೊನೆಗೆ ಬಂದದ್ದು ಇಷ್ಟೇ, ಯಾಕೆ ಮಾವ? ಅವರು ಎದುರಿನ ರಸ್ತೆಯನ್ನೇ ನೋಡುತ್ತಾ, ಚಳಿಗಾಲ ಮುಗಿಯೋಕೆ ಇನ್ನೇನು ಒಂದೂವರೆ ತಿಂಗಳು ಅಂತ ಕಣಮ್ಮ, ನಿನ್ನ ಯಜಮಾನಿ ಅಷ್ಟೇ ದಿನ ಅಲ್ವಾ ಕಾಯ್ತೀನಿ ಅಂದಿದ್ದು. ಬಸ್ಸು ತಪ್ಪಿಹೋಗುತ್ತೆ ಅಂದ ಹಾಗೆ ಅಂದರು. ಒಂದೂವರೆ ತಿಂಗಳು, ಅದರೊಳಗೆ ಹತ್ತು ದಿನ, ಹೆಚ್ಚೆಂದರೆ ಹದಿನೈದು, ಅವರೂ ಲೆಕ್ಕ ಹಾಕಿದ್ದರು, ಸರಿಯಾಗಿ ಹಾಕಿದ್ದರು, ಬೆಲ್ಟ್ ಹಾಕ್ಕೊಳ್ಳಿ, ಅಂದಳು, ಕಿರುಚಿದಳು, ಬೆಲ್ಟ್ ಹಾಕ್ಕೊಳ್ಳಿ ಮಾವ, ಎಷ್ಟು ಸಲ ಹೇಳಬೇಕು ನಿಮಗೆ, ಒಂದು ಸಲ ಹೇಳಿದ ಮಾತು ಕೇಳಿದ್ದುಂಟಾ ನೀವು, ಮೂವತ್ತನಾಲ್ಕು ವರ್ಷ ಊರಿನ ಜನರನ್ನೆಲ್ಲ ಹತ್ತಿಸಿಕೊಂಡು ಓಡಾಡಿದಿರಿ, ಒಬ್ಬರನ್ನಾದರೂ ನಡುರಸ್ತೇಲಿ ಇಳಿಸಿ ಹೋಗಿದೀರಾ? ಮಾವ ಬೆಲ್ಟಿನ ಕೊಂಡಿ ಹುಡುಕುತ್ತಾರೆ, ಬಾಗಿದ ಬೆರಳಿಗೆ ಅದು ಸಿಗುವುದಿಲ್ಲ, ಅವಳೇ ಬಗ್ಗಿ ಹಾಕಿದಳು, ಟಕ್ ಅಂತು, ಗೇರು, ಕ್ಲಚ್, ಗಾಡಿ ಹೊರಟಿತು, ನಾಳಿದ್ದು ಏಳೂವರೆಗೆ ಹೊರಡೋದು ಅಂದಳು, ಕೇಳಿದ್ದಲ್ಲ, ಹೇಳಿದ್ದು. ಸೇತುವೆ ದಾಟಿತು. ಪೆಟ್ರೋಲ್ ಬಂಕು ದಾಟಿತು. ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು, ನೆತ್ತಿಯಲ್ಲಿ ನಾಲ್ಕು ಕೂದಲು ಬಿಸಿಗಾಳಿಗೆ ಅಲ್ಲಾಡಿದವು, ಏಳೂಕಾಲಕ್ಕೆ ಹೊರಡು, ಅಂದರು, ಏಳೂವರೆ ಅಂದರೆ ರೈಲ್ವೆ ಗೇಟು ಬಿದ್ದಿರುತ್ತೆ. ಏಳೂಕಾಲು, ಆಯ್ತು, ಏಳೂಕಾಲು, ನೀರು ಐದೂವರೆಗೇ ಕಾಯಿಸಬೇಕು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಯಜಮಾನಿಗೆ ಇವತ್ತೇ ಫೋನು ಮಾಡಿ, ಗಂಡನಿಗೆ, ಗಂಡನಿಗೆ ಏನು ಹೇಳುವುದು, ಹೀಟರ್ ಸರಿಯಾಯ್ತು ರೀ ಅಂತಲೇ, ಏನಾಗಿತ್ತಂತೆ ಅಂದರೆ, ಏನಿಲ್ಲ, ಒಂದು ಸಣ್ಣ — ಕಪ್ಪು ಹಿತ್ತಾಳೆಯ ಮೇಲೆ ಹಳದಿ ಗೀರು, ಅದನ್ನು ಬಿಟ್ಟು ಬೇರೇನಾದರೂ ಯೋಚಿಸಬೇಕು, ರಸ್ತೆ, ಸಿಗ್ನಲ್ಲು, ಸಂಜೆಯ ಅಡುಗೆ, ಹಳದಿ ಗೀರು, ಒಂದು ತೆಳುವಾಗಿ ಜಾರಿದ್ದು, ಎರಡನೆಯದೂ ತೆಳುವಾಗಿ ಜಾರಿದ್ದು, ಅಲ್ಲಿಗೆ ಬಿಡಬಹುದಿತ್ತು, ಎರಡು ಸಲ ಜಾರಿದ ಮೇಲೆ ಯಾರಾದರೂ ಬಿಡುತ್ತಾರೆ, ಕೈ ತೆಗೆದು ಗೆಣ್ಣು ನೋಡಿಕೊಂಡು, ರಕ್ತ ಒರೆಸಿಕೊಂಡು, ಮತ್ತೆ ಅದೇ ಸಂದಿಯಲ್ಲಿ ಕೈ ಇಳಿಸಿ, ಮೂರನೆಯದು ಆಳ, ಮೂರನೆಯದು ಆಳ —